ಇಚಲಕರಂಜಿಯ ಬೀಮಿನ ಗಾಡಿ

ಆ ಕಾಲದ ಇಚಲಕರಂಜಿಯಲ್ಲಿ ಬೀಮು ಸಾಗಿಸುವ ಕೈಗಾಡಿಗೆ ಬ್ರೇಕು ಅಂದರೆ ಒಬ್ಬ ಮನುಷ್ಯ. ಗಾಡಿಯನ್ನು ಮುಂದೆ ಒಬ್ಬ ಎಳೆಯುತ್ತಿದ್ದ, ಹಿಂದೆ ಒಬ್ಬ ನೂಕುತ್ತಿದ್ದ. ಇಳಿಜಾರು ಬಂತೆಂದರೆ ಹಿಂದಿನವನು ನೂಕುವುದನ್ನು ನಿಲ್ಲಿಸಿ, ಗಾಡಿಯ ಬಾಲಕ್ಕೆ ಜೋತುಬಿದ್ದು, ಹಿಮ್ಮಡಿಯನ್ನು ನೆಲಕ್ಕೆ ಊರಿ, ಇಡೀ ಭಾರವನ್ನು ಸೊಂಟದಲ್ಲಿ ತಡೆದು ಹಿಡಿಯಬೇಕು. ಲಾರಿಯ ಹಳೆಯ ಟೈರು ಕೊಯ್ದು ಮಾಡಿದ ಹಿಂದಿನವರ ಚಪ್ಪಲಿ ಬೆರಳಿನ ಕಡೆ ದಪ್ಪಗಿದ್ದು ಹಿಮ್ಮಡಿಯ ಕಡೆ ಸವೆದು ಹಾಳೆಯಂತಾಗಿರುತ್ತಿತ್ತು. ಹಮಾಲರ ಗುಂಪಿನಲ್ಲಿ ಯಾರು ಮುಂದಿನವರು, ಯಾರು ಹಿಂದಿನವರು ಎಂದು ಮುಖ ನೋಡದೆ ಚಪ್ಪಲಿ ನೋಡಿಯೇ ಹೇಳಬಹುದಿತ್ತು.

ಬೀಮು ಎಂದರೆ ಮಗ್ಗಕ್ಕೆ ಕೂಡಿಸುವ ನೂಲಿನ ದೊಡ್ಡ ಉರುಳೆ. ದಪ್ಪ ಕಬ್ಬಿಣದ ಪೈಪು, ಅದರ ಎರಡೂ ಬದಿಗೆ ತಟ್ಟೆಯಂಥ ಬಿಲ್ಲೆ, ನಡುವೆ ಒತ್ತಾಗಿ ಸುತ್ತಿದ ನೂಲು. ಪೈಪಿನ ತುದಿಗಳು ಮಾತ್ರ ಬಿಲ್ಲೆಯಿಂದಾಚೆ ಗೇಣುದ್ದ ಚಾಚಿಕೊಂಡಿರುತ್ತವೆ. ಸೈಜಿಂಗ್ ಕಾರ್ಖಾನೆಯಲ್ಲಿ ನೂಲಿಗೆ ಗಂಜಿ ಹಾಕಿ, ಒಣಗಿಸಿ, ಬೀಮಿಗೆ ಸುತ್ತಿ, ಧೂಳು ಕೂರದಂತೆ ಬಿಳಿ ಬಟ್ಟೆ ಹೊದಿಸಿ, ಊರ ತುಂಬ ಹರಡಿದ ಪಾವರ್‌ಲೂಮ್ ಶೆಡ್ಡುಗಳಿಗೆ ಕಳಿಸುತ್ತಾರೆ. ತುಂಬಿದ ಬೀಮು ಇಬ್ಬರು ಗಂಡಸರಿಗಿಂತ ಭಾರ. ಹಿಂದಿನವನು ಒಂದು ಕೈಯಿಂದ ಗಾಡಿಯನ್ನೂ ಇನ್ನೊಂದು ಕೈಯಿಂದ ಬೀಮನ್ನೂ ಹಿಡಿದೇ ಓಣಿ ದಾಟುತ್ತಿದ್ದ.

ನಾನು ಕೊಲ್ಹಾಪುರದಲ್ಲಿ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೆ. ಎಂಬತ್ತರ ದಶಕ ಅರ್ಧ ದಾಟಿತ್ತು, ಡೀಸೆಲ್ ಟೆಂಪೊಗಳು ಇಚಲಕರಂಜಿಯ ಓಣಿಗಳಿಗೆ ಆಗ ತಾನೆ ನುಗ್ಗತೊಡಗಿದ್ದವು. ನಮ್ಮ ಪ್ರಾಜೆಕ್ಟಿನ ಸರ್‌ಗೆ ಎಣ್ಣೆ ಕುಡಿಯುವ ಗಾಡಿಗಳ ಮೇಲೆ ಒಂದು ಬಗೆಯ ಹಟದ ಸಿಟ್ಟು. ಎಣ್ಣೆ ಹೊರದೇಶದಿಂದ ಬರುತ್ತದೆ, ಅದರ ಹೊಗೆ ಮಾತ್ರ ನಮ್ಮ ಓಣಿಯಲ್ಲಿ ಉಳಿಯುತ್ತದೆ, ಮನುಷ್ಯನ ಕಾಲಿಗೆ ಸರಿಯಾದ ಹಲ್ಲುಚಕ್ರ ಕೊಟ್ಟರೆ ಊರೊಳಗಿನ ಸಾಗಾಟ ಅರ್ಧಕ್ಕರ್ಧ ಎಣ್ಣೆಯಿಲ್ಲದೆ ನಡೆಯುತ್ತದೆ ಎಂದು ಕ್ಲಾಸಿನಲ್ಲೂ ಕ್ಯಾಂಟೀನಿನಲ್ಲೂ ವಾದಿಸುತ್ತಿದ್ದರು. ಬೀಮಿಗೆ ಒಂದು ತುಳಿಯುವ ಗಾಡಿ ಮಾಡು ಎಂದು ನನಗೆ ಹೇಳಿದವರು ಅವರೇ. ಕೆಲಸ ನನಗೆ ಹಿಡಿಸಿತು. ಅದರ ಜೊತೆಗೆ ಅವರು ಹಾಕಿದ ಷರತ್ತು ಹಿಡಿಸಲಿಲ್ಲ. ಗಾಡಿಯನ್ನು ಬಳಸುವ ಮಂದಿಗೆ ನಾನೇ ನಿಂತು ವಿವರಿಸಬೇಕು, ಕೊನೆಗೆ ಹೊರಗಿನಿಂದ ಬರುವ ಪರೀಕ್ಷಕರಿಗೆ ಇಂಗ್ಲಿಷಿನಲ್ಲಿ ಹೇಳಬೇಕು ಎಂಬುದು ಆ ಷರತ್ತು.

ನನಗೆ ಗೆರೆ ಎಳೆಯಲು ಬರುತ್ತಿತ್ತು, ಬಾಯಿ ಬಿಡಲು ಬರುತ್ತಿರಲಿಲ್ಲ. ಗಡಹಿಂಗ್ಲಜದಾಚೆಯ ಹಳ್ಳಿ ನಮ್ಮದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು. ಮೂರೂ ಒಟ್ಟಿಗೆ ಬಂದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಹಿಂದಿನ ವರ್ಷದ ಸೆಮಿನಾರಿನಲ್ಲಿ ಎದ್ದು ನಿಂತು, ಸೀಮೆಸುಣ್ಣ ಕೈಯಲ್ಲಿ ಹಿಡಿದು, ಒಂದಕ್ಷರ ಹೊರಡದೆ ಹಾಗೇ ಕುಳಿತುಬಿಟ್ಟಿದ್ದೆ. ಬೆನ್ನ ಹಿಂದೆ ಎದ್ದ ನಗು ಬಹಳ ದಿನ ನನ್ನ ನಿದ್ದೆ ಕೆಡಿಸಿತ್ತು.

ಸರ್ ಅದಕ್ಕೊಂದು ಔಷಧ ಹುಡುಕಿದರು. ಕ್ಲಾಸು ಮುಗಿದ ಮೇಲೆ ಖಾಲಿ ವರ್ಕ್‌ಶಾಪಿನಲ್ಲಿ ನನ್ನನ್ನು ಲೇಥ್ ಯಂತ್ರದ ಮುಂದೆ ನಿಲ್ಲಿಸಿ, ಅದಕ್ಕೆ ಬ್ರೇಕಿನ ವಿಷಯ ಹೇಳು ಎನ್ನುತ್ತಿದ್ದರು. ಒಂದು ಉಸಿರಿಗೆ ಒಂದೇ ಮಾತು, ಎದುರಿದ್ದವನ ಹಣೆಯ ಮೇಲೆ ಕಣ್ಣು, ಕೈ ಜೇಬಿನಿಂದ ಹೊರಗೆ. ಹಾಸ್ಟೆಲಿನವರು ನನ್ನನ್ನು ಲೇಥಿನ ಮಾಸ್ತರ ಎಂದು ಕರೆಯತೊಡಗಿದರು. ಕರೆಯಲಿ ಬಿಡು ಅಂದುಕೊಂಡೆ. ಲೇಥು ನಗುವುದಿಲ್ಲ, ಅಷ್ಟು ಸಾಕಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಮರಾಠಿಯಲ್ಲಿ ತಡವರಿಸದೆ ಮಾತಾಡುವಂತಾದೆ, ಇಂಗ್ಲಿಷೂ ಕುಂಟುತ್ತ ಬರತೊಡಗಿತು.

ಇಚಲಕರಂಜಿಯಲ್ಲಿ ಒಬ್ಬ ಸೈಜಿಂಗ್ ಸಾವಕಾರರು ತಮ್ಮ ಅಂಗಳದಲ್ಲಿ ಪ್ರಯೋಗ ಮಾಡಿಕೊಳ್ಳಲು ಒಪ್ಪಿದರು. ಜೈನರು, ಮನೆಯಲ್ಲಿ ಕನ್ನಡ ಆಡುವವರು. ಅವರ ಹಮಾಲರಲ್ಲಿ ಒಂದು ಜೋಡಿಯನ್ನು ನನಗೆ ಗಂಟುಹಾಕಿದರು. ಇಬ್ಬರೂ ನಮ್ಮ ಕಡೆಯ ಒಂದೇ ಹಳ್ಳಿಯವರು, ಹರೆಯದಲ್ಲಿ ಬಂದು ಒಂದೇ ಗಾಡಿಗೆ ಕೈ ಹಚ್ಚಿ ತಲೆ ನರೆಯುವವರೆಗೆ ಅದನ್ನೇ ಹಿಡಿದವರು. ಹೆಸರಿಗಿಂತ ಹೆಚ್ಚಾಗಿ ಊರೆಲ್ಲ ಅವರನ್ನು ಮುಂದಿನವ, ಹಿಂದಿನವ ಎಂದೇ ಗುರುತಿಸುತ್ತಿತ್ತು, ನನಗೂ ಹಾಗೇ ರೂಢಿಯಾಯಿತು. ಮುಂದಿನವನು ಒಣಕಲು ಮೈಯ ಸಿಡುಕ. ಹಿಂದಿನವನು ದಪ್ಪ ಎಲುಬಿನ ತಣ್ಣಗಿನ ಮನುಷ್ಯ. ನನ್ನ ಊರಿನ ಹೆಸರು ಕೇಳಿದ್ದೇ ಅವನು ನನ್ನನ್ನು ತಮ್ಮಾ ಎಂದ, ನಾನು ಕಾಕಾ ಎಂದೆ.

ಹಿಂದಿನವನಿಗೆ ಹರ್ನಿಯಾ ಆಗಿತ್ತು. ವರ್ಷಗಟ್ಟಲೆ ಇಳಿಜಾರಿನಲ್ಲಿ ಗಾಡಿ ತಡೆದು ತಡೆದು ತೊಡೆಸಂದಿಯಲ್ಲಿ ಕರುಳು ಇಳಿದಿತ್ತು. ಅದರ ಮೇಲೆ ಬಟ್ಟೆ ಬಿಗಿದುಕೊಂಡು, ಧೋತರ ಉಟ್ಟು ಕೆಲಸಕ್ಕೆ ಬರುತ್ತಿದ್ದ. ಮುಂದೆ ನಿಂತು ಎಳೆಯಲು ದಮ್ಮು ಬೇಕು, ಅವನಲ್ಲಿ ಅದು ಉಳಿದಿರಲಿಲ್ಲ.

"ಡಾಕ್ಟರ ಹಿಂದ ನಿಂದ್ರಬ್ಯಾಡ ಅಂತಾನ," ಎಂದು ಒಮ್ಮೆ ಚಹಾ ಕುಡಿಯುತ್ತ ಹೇಳಿದ. "ಹಿಂದ ನಿಂದ್ರಲಿಲ್ಲಂದ್ರ ನಾ ಎಲ್ಲಿ ನಿಂದ್ರಲಿ, ತಮ್ಮಾ?"

ಅವತ್ತಿನಿಂದ ನನ್ನ ಗಾಡಿಗೆ ಒಂದು ಗುರಿ ಬಂತು. ಸರ್‌ಗೆ ಎಣ್ಣೆಯ ಚಿಂತೆ ಇರಲಿ, ನನಗೆ ಈ ಮನುಷ್ಯನ ಹೊಟ್ಟೆಯಿಂದ ಬ್ರೇಕನ್ನು ಕಿತ್ತು ಕಬ್ಬಿಣಕ್ಕೆ ಹಾಕಬೇಕಿತ್ತು. ಅವನು ಕೆಲಸ ಬಿಡುವಂತೆಯೂ ಆಗಬಾರದು, ಕೆಲಸ ಅವನನ್ನು ಸೀಳುವಂತೆಯೂ ಇರಬಾರದು.

ಗಾಡಿಗೆ ಮೂರು ಗಾಲಿ, ಮುಂದೆ ಒಂದು, ಹಿಂದೆ ಎರಡು. ಮುಂದಿನವನು ಸೈಕಲ್ಲಿನಂತೆ ಕುಳಿತು ತುಳಿಯುತ್ತಾನೆ. ಏರಿಗೆ ಬೇಕೆಂದು ಸರಪಳಿಯ ನಡುವೆ ಒಂದು ಹೆಚ್ಚಿನ ಹಲ್ಲುಚಕ್ರ ಕೂಡಿಸಿದೆ. ಹಿಂದಿನ ಅಚ್ಚಿನ ಮೇಲೆ ಎರಡು ಕಬ್ಬಿಣದ ಕವೆ. ಬೀಮು ಅಡ್ಡಲಾಗಿ ಕೂತು, ಅದರ ಪೈಪಿನ ತುದಿಗಳು ಆ ಕವೆಗಳಲ್ಲಿ ಇಳಿಯುತ್ತವೆ. ಹಿಂದಿನ ಗಾಲಿಗಳಿಗೆ ಜೀಪಿನ ಹಳೆಯ ಬ್ರೇಕ್ ಡ್ರಮ್ಮು ಹಾಕಿ, ಅದರ ಸನ್ನೆಯನ್ನು, ಅಂದರೆ ಕೈಯಿಂದ ಒತ್ತುವ ಲಿವರನ್ನು, ಗಾಡಿಯ ಬಾಲದಲ್ಲಿ ಇಟ್ಟೆ. ಹಿಂದಿನವನು ನಡೆಯುತ್ತ ಬಂದು ಸನ್ನೆಯನ್ನು ಒತ್ತಿದರೆ ಗಾಡಿ ನಿಲ್ಲುತ್ತದೆ. ಅವನ ಸೊಂಟಕ್ಕೆ ಕೆಲಸವಿಲ್ಲ.

ನಕ್ಷೆ ನೋಡಿದ ಸಾವಕಾರರು ಜಾಣರು. ಬೆರಳಿಟ್ಟು ನೇರವಾಗಿ ಕೇಳಿದರು. "ಬ್ರೇಕ ತುಳಿಯಾವನ ಕೈಯಾಗ ಇಟ್ರ ಒಬ್ಬನ ಸಾಕಲ್ಲ? ಹಿಂದ ಇನ್ನೊಬ್ಬ ಯಾಕಬೇಕು?"

ತುಳಿಯುವವನು ಹಿಂದಿನ ಭಾರವನ್ನು ನೋಡಲಾರ, ಹಿಂದೆ ಕಣ್ಣಿರುವವನ ಕೈಯಲ್ಲೇ ಬ್ರೇಕು ಇರಬೇಕು ಎಂದೆ. ಅದು ಅರ್ಧ ಸತ್ಯ. ಒಬ್ಬನೇ ನಡೆಸುವ ಗಾಡಿ ಮಾಡಿದರೆ ಹಿಂದಿನವನು ಮರುದಿನವೇ ಮನೆಗೆ ಹೋಗುತ್ತಾನೆ ಎಂಬುದು ಇನ್ನರ್ಧ. ಲೇಥಿನ ಮುಂದೆ ಕಲಿತ ಮಾತು ಅಂದು ಮೊದಲ ಸಲ ಕೆಲಸಕ್ಕೆ ಬಂತು. ಸಾವಕಾರರು ಒಪ್ಪಿದರು.

ಉಳಿದದ್ದು ಬೀಮನ್ನು ಕವೆಯಲ್ಲಿ ಹಿಡಿದಿಡುವ ಬಗೆ. ಗಾಡಿ ನಿಂತರೂ ಬೀಮು ನಿಲ್ಲುವುದಿಲ್ಲ, ಭಾರವಾದದ್ದು ತನ್ನ ಓಟವನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕಬ್ಬಿಣದ ಕೊಂಡಿ ಹಾಕಿದರೆ ಪ್ರತಿ ಶೆಡ್ಡಿನ ಬೀಮಿನ ಪೈಪು ಬೇರೆ ಬೇರೆ ಗಾತ್ರ. ಆದ್ದರಿಂದ ಪೈಪಿನ ತುದಿಯನ್ನು ಕವೆಗೆ ಸೇರಿಸಿ ಕಟ್ಟಲು, ಮಂಚಕ್ಕೆ ಹೆಣೆಯುತ್ತಾರಲ್ಲ, ಆ ಹತ್ತಿಯ ನವಾರದ ಎರಡು ಪಟ್ಟಿ ಇಟ್ಟೆ. ನೂಲಿಗೆ ತಾಗುವುದಿಲ್ಲ, ಎಣ್ಣೆ ಹತ್ತುವುದಿಲ್ಲ, ಎಲ್ಲಿ ಬೇಕಾದರೂ ಸಿಗುತ್ತದೆ. ಗಂಟು ನಮ್ಮ ಊರಲ್ಲಿ ದನ ಕಟ್ಟುವಾಗ ಹಾಕುವ ಸರಗುಣಿಕೆ. ಜಗ್ಗಿದಷ್ಟೂ ಬಿಗಿಯುತ್ತದೆ, ಬಾಲ ಹಿಡಿದು ಒಂದು ಸಲ ಎಳೆದರೆ ಪೂರ್ತಿ ಬಿಚ್ಚುತ್ತದೆ. ಕಾಲೇಜಿನ ಹಿಂದಿನ ಇಳಿಜಾರಿನಲ್ಲಿ ಖಾಲಿ ಬೀಮಿಗೆ ಕಲ್ಲು ಕಟ್ಟಿ ಓಡಿಸಿ, ಬ್ರೇಕು ಒತ್ತಿ ನೋಡಿದೆವು. ಬೀಮು ಕದಲಲಿಲ್ಲ. ಸರ್ ನನ್ನ ಬೆನ್ನು ತಟ್ಟಿದರು. ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಬಟ್ಟೆ ಇಳಿಸಿ ಖಾಲಿ ಮರಳುತ್ತಿದ್ದ ಲಾರಿಯಲ್ಲಿ ಗಾಡಿಯನ್ನು ಇಚಲಕರಂಜಿಗೆ ಒಯ್ದೆವು. ಸೈಜಿಂಗ್ ಅಂಗಳದಲ್ಲಿ ಹಮಾಲರೆಲ್ಲ ನೆರೆದರು. ಗುಂಪಿನಲ್ಲಿ ಮರಾಠಿಯವರೂ ಇದ್ದುದರಿಂದ ನಾನು ಮರಾಠಿಯಲ್ಲಿ ಮಾತಾಡಿದೆ. ಸನ್ನೆ ಹೀಗೆ ಒತ್ತಬೇಕು, ಪಟ್ಟಿ ಹೀಗೆ ಸುತ್ತಬೇಕು, ಗಂಟು ಹೀಗೆ, ಬಿಚ್ಚುವುದು ಹೀಗೆ. ಒಮ್ಮೆಯೂ ತಡವರಿಸಲಿಲ್ಲ. ಗಂಟು ಒಂದೇ ಎಳೆತಕ್ಕೆ ಬಿಚ್ಚಿದಾಗ ಹಿಂದಿನವನು ನಕ್ಕ. ಉಳಿದವರು ಹೌದೆನ್ನುತ್ತ ಹೋಯ್, ಹೋಯ್ ಎಂದು ತಲೆಯಾಡಿಸಿದರು. ಆಮೇಲೆ ಬಿಳಿ ಬಟ್ಟೆ ಹೊದಿಸಿದ ತುಂಬಿದ ಬೀಮನ್ನು ಕವೆಗೆ ಇಳಿಸಿ ನಾನೇ ಎರಡೂ ತುದಿ ಕಟ್ಟಿದೆ. ಕಟ್ಟಿ ಎದ್ದಾಗ ಅಂಗಳ ಯಾಕೋ ಸುಮ್ಮನಾಗಿತ್ತು. ಮುಂದಿನವನು ತುಳಿಯಲು ಹತ್ತುವ ಮೊದಲು ನೆಲ ಮುಟ್ಟಿ ಹಣೆಗೆ ಒತ್ತಿಕೊಂಡ. ಹೊಸ ಗಾಡಿಯ ಶಾಸ್ತ್ರ ಅಂದುಕೊಂಡೆ.

ಮುಂದಿನ ವಾರ ಹೋದಾಗ ಗಾಡಿ ಚೆನ್ನಾಗಿ ಓಡುತ್ತಿತ್ತು. ಹಿಂದಿನವನ ಮುಖದಲ್ಲಿ ಗೆಲುವಿತ್ತು, ಇಳಿಜಾರಿನಲ್ಲಿ ಬರೇ ಕೈಯಿಂದ ಗಾಡಿ ನಿಲ್ಲಿಸುತ್ತೇನೆ ಎಂದು ಹೆಂಡತಿಗೆ ಹೇಳಿದರೆ ನಂಬಲಿಲ್ಲವಂತೆ. ಆದರೆ ನವಾರದ ಪಟ್ಟಿಗಳು ಸೀಟಿನ ಕೆಳಗೆ ಮಡಚಿ ಇಟ್ಟಂತೆಯೇ ಇದ್ದವು. ಒಂದು ಕಲೆ ಇಲ್ಲ, ಒಂದು ಸುಕ್ಕಿಲ್ಲ. ಇದೇನು ಎಂದು ಕೇಳಲಿಲ್ಲ, ಮತ್ತೆ ಎಲ್ಲರನ್ನೂ ಕರೆದು ವಿವರಿಸಿದೆ. ಓಡುವ ಭಾರ ಹೇಗೆ ಜಿಗಿಯುತ್ತದೆ ಎಂದು ಡಬ್ಬಿಯೊಂದನ್ನು ಹಲಗೆಯ ಮೇಲಿಟ್ಟು ತೋರಿಸಿದೆ. ತಲೆಯಾಡಿಸಿದರು. ಅದರ ಮುಂದಿನ ಸಲವೂ ಪಟ್ಟಿ ಸೀಟಿನ ಕೆಳಗೇ ಇತ್ತು. ಈ ಸಲ ಸೈಜಿಂಗಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ಹೇಳಿದೆ. ಹಿಂದಿನವನು ಚಿತ್ರವನ್ನೇ ನೋಡುತ್ತ, "ತಿಳೀತು ತಮ್ಮಾ, ಪೂರಾ ತಿಳೀತು," ಎಂದ. ಮುಂದಿನವನು ಮಾತ್ರ ಉಗುಳಿ ಎದ್ದು ಹೋದ. ಗೋಡೆಗೆ ಹೇಳಿದರೂ ಇಷ್ಟು ಹೊತ್ತಿಗೆ ತಿಳಿಯುತ್ತಿತ್ತು ಎಂದು ನನಗೆ ಮೈಯುರಿಯಿತು. ಸೋಮಾರಿಗಳು, ಎರಡು ಗಂಟು ಹಾಕಲು ಇವರಿಗೆ ಮೈಗಳ್ಳತನ ಎಂದು ಬಸ್ಸಿನಲ್ಲಿ ಕೊಲ್ಹಾಪುರದವರೆಗೂ ಬೈದುಕೊಂಡು ಬಂದೆ. ಸರ್‌ಗೆ ಹೇಳಿದರೆ, ಹೇಳುತ್ತಲೇ ಇರು, ನಾಲಿಗೆಗೂ ಒಳ್ಳೆಯದು ಎಂದರು.

ಅಪಘಾತವನ್ನು ನಾನು ಕಣ್ಣಾರೆ ನೋಡಿದೆ. ಅವತ್ತು ನಾನು ಹಳ್ಳದ ಕಡೆಯ ಲೂಮ್ ಶೆಡ್ಡಿನ ಬಾಗಿಲಲ್ಲಿ ಕಾಯುತ್ತಿದ್ದೆ. ಶೆಡ್ಡು ಇಳಿಜಾರಿನ ಕೆಳಗೆ, ಗಾಡಿ ಮೇಲಿನ ತಿರುವಿನಿಂದ ಬರಬೇಕು. ಗಾಡಿ ಕಾಣಿಸಿತು. ಬಿಳಿ ಬೀಮು ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಪಟ್ಟಿ ಇದೆಯೋ ಇಲ್ಲವೋ ಅಷ್ಟು ದೂರದಿಂದ ತಿಳಿಯಲಿಲ್ಲ. ನಡುವೆ ನೀರಿನ ನಳ ಹಾಕಲು ರಸ್ತೆಯನ್ನು ಅಡ್ಡ ಅಗೆದು ಸಡಿಲ ಮಣ್ಣು ಮುಚ್ಚಿದ್ದರು. ಹಿಂದಿನವನು ಅದನ್ನು ನೋಡಿ ಸನ್ನೆಯನ್ನು ಪೂರ್ತಿ ಒತ್ತಿದ.

ಬ್ರೇಕು ನಾನು ಮಾಡಿದಂತೆಯೇ ಕೆಲಸ ಮಾಡಿತು. ಗಾಡಿ ನಿಂತಿತು. ಬೀಮು ನಿಲ್ಲಲಿಲ್ಲ. ಅದರ ಎಡತುದಿ ಕವೆಯನ್ನು ಏರಿ ಹೊರಗೆ ಬಂತು. ಹಿಂದಿನವನು ಆಗ ಮಾಡಿದ್ದು ಜನ್ಮವಿಡೀ ಕೈಗಾಡಿಯ ಮೇಲೆ ಮಾಡಿದ್ದನ್ನೇ. ಸನ್ನೆ ಬಿಟ್ಟು, ಬದಿಗೆ ಓಡಿ, ಬೀಮಿಗೆ ಕೈಯೊಡ್ಡಿದ. ನನ್ನ ಬ್ರೇಕು ಒತ್ತಿದಾಗ ಮಾತ್ರ ಹಿಡಿಯುವಂಥದು. ಬಿಟ್ಟ ಕೂಡಲೇ ಗಾಡಿ ಮತ್ತೆ ಉರುಳಿತು, ಬೀಮಿನ ಇನ್ನೊಂದು ತುದಿಯೂ ಕಳಚಿತು. ಮುಂದಿನವನು ಒಂದು ಕಡೆ ಜಿಗಿದ. ಬೀಮು ಹಿಂದಿನವನನ್ನು ಕೆಡವಿ, ಅವನ ಬಲಗಾಲನ್ನು ಗಟಾರದ ಅಂಚುಗಲ್ಲಿಗೆ ಒತ್ತಿ ನಿಂತಿತು. ನಾನು ಓಡಿ ತಲುಪುವಷ್ಟರಲ್ಲಿ ಬಿಳಿ ಬಟ್ಟೆಯ ಒಂದು ಕಡೆ ಕೆಂಪಾಗಿತ್ತು. ಅವನು ಕೂಗಲಿಲ್ಲ. ನೂಲು ಕೆಟ್ಟಿತೇನೋ ನೋಡು ಎಂದು ಮುಂದಿನವನಿಗೆ ಹೇಳುತ್ತಿದ್ದ.

ಪಟ್ಟಿಗಳು ಸೀಟಿನ ಕೆಳಗೆ ಮಡಚಿಕೊಂಡಿದ್ದವು. ಅವುಗಳಲ್ಲಿ ಒಂದನ್ನು ತೆಗೆದು ಅವನ ತೊಡೆಗೆ ಬಿಗಿದು ರಕ್ತ ನಿಲ್ಲಿಸಿದೆವು. ಅದು ಆ ಪಟ್ಟಿಗೆ ಆದ ಮೊದಲ ಉಪಯೋಗ.

ಸಾವಕಾರರು ಪರಿಚಯದವರ ಟೆಂಪೊ ತರಿಸಿ ಕೊಲ್ಹಾಪುರದ ದವಾಖಾನೆಗೆ ಸೇರಿಸಿದರು. ಮೊಳಕಾಲಿನ ಕೆಳಗೆ ಎಲುಬು ಪುಡಿಯಾಗಿತ್ತು, ಗಟಾರದ ಕೊಳೆ ಒಳಗೆ ಇಳಿದಿತ್ತು. ಮೊದಲು ಪಾದ ಕಪ್ಪಾಯಿತು, ಆಮೇಲೆ ಕಾಲು. ಮೊಳಕಾಲಿನ ಮೇಲೆ ಕತ್ತರಿಸಿದರು. ಕಾಲೇಜಿನಿಂದ ದವಾಖಾನೆ ದೂರವಿರಲಿಲ್ಲ, ದಿನಾ ಹೋಗುತ್ತಿದ್ದೆ. ಹೋಗಿ ಏನು ಮಾಡುತ್ತಿದ್ದೆ ಎಂದರೆ ಏನೂ ಇಲ್ಲ. ಅವನ ಹೆಂಡತಿ ಗೋಡೆಗೆ ಒರಗಿ ಕುಳಿತಿರುತ್ತಿದ್ದಳು, ನಾನು ಸ್ಟೂಲಿನ ಮೇಲೆ. ನನ್ನೊಳಗೆ ಅಳುಕಿಗಿಂತ ಸಿಟ್ಟೇ ಹೆಚ್ಚಿತ್ತು. ಕೊನೆಗೆ ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ. ಅಷ್ಟು ಸಲ ಹೇಳಿದರೂ ಯಾಕೆ ಕಟ್ಟಲಿಲ್ಲ ಕಾಕಾ?

ಅವನು ನನ್ನತ್ತ ಮುಖ ಹೊರಳಿಸಿದ.

"ಬೀಮಿನ ಮ್ಯಾಲ ಏನ ಹೊಚ್ಚಿರತೇವಿ?" ಎಂದ.

"ಬಿಳಿ ಅರವಿ."

"ಬಿಳಿ ಅರವಿ ಹೊಚ್ಚಿ, ಎರಡೂ ಕಡೆ ಹಗ್ಗ ಬಿಗದು, ಮುಂದ ಒಬ್ಬ, ಹಿಂದ ಒಬ್ಬ ಆಗಿ ಓಣ್ಯಾಗ ಒಯ್ದರ ಏನ ಕಾಣತೈತಿ? ಹಡದ ಹೆಂಗಸೂರು ಬಾಗಲದಾಗ ನಿಂತಿರತಾರ. ಹಂತಾದ್ದ ಅವರ ಮುಂದ ಒಯ್ಯಾಕ ಬರೂದಿಲ್ಲ. ನಮ್ಮ ಅಪ್ಪನ ಕಾಲದಿಂದ ಯಾರೂ ಬೀಮಿಗೆ ಹಗ್ಗ ಹಾಕಿಲ್ಲ."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಯಿತು, ಅವನು ಹೆಣದ ಮಾತು ಆಡುತ್ತಿದ್ದ. ನಮ್ಮದು ಲಿಂಗಾಯತರ ಮನೆ. ನಮ್ಮಲ್ಲಿ ಸತ್ತವರನ್ನು ಕೂಡಿಸಿ, ಹೂವು ಮುಡಿಸಿ, ಕುಳಿತ ಭಂಗಿಯಲ್ಲೇ ಒಯ್ದು ಮಣ್ಣು ಮಾಡುತ್ತಾರೆ. ಅಜ್ಜನನ್ನೂ ದೊಡ್ಡಪ್ಪನನ್ನೂ ಕೂತವರನ್ನಾಗಿಯೇ ಬೀಳ್ಕೊಟ್ಟಿದ್ದೆ. ಬಿಳಿ ಬಟ್ಟೆ, ಹಗ್ಗ, ಚಟ್ಟ, ಇವು ನಾನು ದೂರದಿಂದ ಮುಖ ತಿರುಗಿಸಿ ದಾಟಿದ ಸಂಗತಿಗಳು. ಅಂಗಳದಲ್ಲಿ ನಿಂತು ನಾನೇ ಎರಡು ತುದಿ ಬಿಗಿದಾಗ ಅಷ್ಟು ಮಂದಿ ಹಮಾಲರ ಕಣ್ಣಿಗೆ ಏನು ಕಂಡಿರಬೇಕು ಎಂಬುದು ಈಗ ಹೊಳೆಯಿತು. ಒಂದೇ ಸೀಮೆ, ಒಂದೇ ಕನ್ನಡ. ನನಗೂ ಗೊತ್ತಿರುತ್ತದೆ ಎಂದು ಅವರು ತಿಳಿದಿದ್ದರು. ಗೊತ್ತಿದ್ದೂ ಕಟ್ಟು ಎನ್ನುತ್ತಾನಲ್ಲ ಎಂದು ಮುಂದಿನವನು ಉಗುಳಿ ಹೋಗಿದ್ದ.

ಒಂದು ಸಲ ಬಾಯಿ ಬಿಟ್ಟು ಹೇಳಬಾರದಿತ್ತೇ ಎಂದೆ. ನನ್ನ ದನಿ ಏರಿತ್ತು, ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು.

"ಗಾಡ್ಯಾಗ ಮಾಲ ಇದ್ದಾಗ ಹಂತಾ ಮಾತ ಆಡೂದಿಲ್ಲ," ಎಂದ ಹಿಂದಿನವನು. ಆಮೇಲೆ ಸಮಾಧಾನ ಮಾಡುವವನಂತೆ, "ನೀ ಗಾಡಿ ಖಾಲಿ ಇದ್ದಾಗ ಬಂದು ಕೇಳಿದ್ದರ ಹೇಳತಿದ್ದೆ, ತಮ್ಮಾ," ಎಂದ.

ನನಗೆ ಅವನ ಮೇಲೂ ಸಿಟ್ಟು ಬಂತು, ಈಗಲೂ ಸ್ವಲ್ಪ ಇದೆ. ಓಣಿಯ ಬಾಣಂತಿಯರ ಕಣ್ಣಿಗೆ ಕೆಟ್ಟದ್ದು ಬೀಳಬಾರದೆಂದು ಕಾಲು ಕೊಟ್ಟ ಮನುಷ್ಯನಿಗೆ ನಮಸ್ಕರಿಸಬೇಕೋ, ಬೈಯಬೇಕೋ ನನಗೆ ಇಂದಿಗೂ ಬಗೆಹರಿದಿಲ್ಲ.

ಪರೀಕ್ಷಕರು ಬರುವ ಸೆಮಿನಾರು ಹತ್ತಿರ ಬಂದಿತ್ತು. ನಾನು ಇಚಲಕರಂಜಿಗೆ ಹೋಗಿ ಹಮಾಲರ ಜೊತೆ ಕುಳಿತೆ. ಸಂಜೆ ಮಾಲೆಲ್ಲ ಇಳಿದು ಕೈಗಾಡಿಗಳು ಗೋಡೆಗೆ ಒರಗಿದ ಮೇಲೆ ಕೇಳಿದೆ. ಮಾತಾಡುವುದಕ್ಕಿಂತ ಕೇಳುವುದು ಕಷ್ಟ. ಒಂದು ಪ್ರಶ್ನೆ ಹಾಕಿ ಸುಮ್ಮನೆ ಕೂರಬೇಕು, ಸುಮ್ಮನಿರುವುದನ್ನು ಸರ್ ನನಗೆ ಕಲಿಸಿರಲಿಲ್ಲ. ಬೀಡಿ ಸುಟ್ಟುಕೊಂಡ ಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಹಗ್ಗ ಬೇಡ, ಗಂಟು ಬೇಡ. ಕಬ್ಬಿಣದ್ದು ಏನೇ ಇದ್ದರೂ ನಡೆಯುತ್ತದೆ. ಅದಕ್ಕೆ ಬಿಳಿ ಬಣ್ಣ ಬೇಡ.

ವರ್ಕ್‌ಶಾಪಿಗೆ ಮರಳಿ ಎರಡು ಕೊಕ್ಕೆ ಮಾಡಿದೆ. ಬೀಮು ಕವೆಗೆ ಇಳಿದಾಗ ಪೈಪಿನ ಭಾರಕ್ಕೆ ಕೆಳಗಿನ ನಾಲಿಗೆ ಒತ್ತಿ, ಮೇಲಿನ ಕೊಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಪೈಪು ಸಣ್ಣದಿರಲಿ ದೊಡ್ಡದಿರಲಿ, ಕೊಕ್ಕೆಯ ಹಲ್ಲು ಅದಕ್ಕೆ ತಕ್ಕಲ್ಲಿ ಹಿಡಿಯುತ್ತದೆ. ಯಾರೂ ಏನೂ ಕಟ್ಟಬೇಕಿಲ್ಲ. ಬ್ರೇಕಿನ ಸನ್ನೆಯನ್ನೂ ತಿರುವುಮುರುವು ಮಾಡಿ ಕೂಡಿಸಿದೆ. ಈಗ ಸನ್ನೆ ಎತ್ತಿ ಹಿಡಿದರೆ ಗಾಡಿ ಓಡುತ್ತದೆ, ಕೈಬಿಟ್ಟರೆ ಸ್ಪ್ರಿಂಗು ಎಳೆದು ಗಾಲಿ ಬಿಗಿಯುತ್ತದೆ. ಕೊಕ್ಕೆಗೆ ಕರಿ ಬಣ್ಣ ಬಳಿದೆ.

ಸರ್ ಸುತ್ತ ತಿರುಗಿ ನೋಡಿದರು, ಬಹಳ ಮೆಚ್ಚಿದರು. ಆಮೇಲೆ ಬಾಗಿಲು ಮುಚ್ಚಿ, ಅಪಘಾತದ ಮಾತು ಸೆಮಿನಾರಿನಲ್ಲಿ ಬೇಡ ಎಂದರು. ಅವರು ಕೆಟ್ಟವರಲ್ಲ. ಪರೀಕ್ಷಕರು ಕಾಲು ಹೋದ ಸುದ್ದಿ ಕೇಳಿದರೆ ಎಣ್ಣೆಯಿಲ್ಲದ ಗಾಡಿಯ ಮಾತೇ ಮುಗಿಯುತ್ತದೆ, ಮುಂದೆ ಯಾವ ಹುಡುಗನಿಗೂ ಕಾಲೇಜು ಇಂಥ ಕೆಲಸ ಕೊಡುವುದಿಲ್ಲ ಎಂಬ ಭಯ ಅವರದು. ಕೊಕ್ಕೆ ಮೊದಲಿನಿಂದಲೇ ಇತ್ತು ಎಂಬಂತೆ ಹೇಳು, ಸುಳ್ಳೇನೂ ಹೇಳಬೇಕಿಲ್ಲ, ನಡುವಿನದನ್ನು ಬಿಡು ಎಂದರು. ನನ್ನ ಬಾಯಿ ಬಿಡಿಸಿದ ಮನುಷ್ಯ ಅದೇ ಬಾಯಿಯನ್ನು ಈಗ ಅರ್ಧ ಮುಚ್ಚು ಎನ್ನುತ್ತಿದ್ದರು. ಆಗಲಿ ಎಂದು ತಲೆಯಾಡಿಸಿ ಹೊರಬಂದೆ. ಹೊರಗೆ ಬಂದ ಮೇಲೆ, ಹಮಾಲರು ನನ್ನ ಮುಂದೆ ತಲೆಯಾಡಿಸಿದ್ದು ಹೀಗೆಯೇ ಅಲ್ಲವೇ ಅನಿಸಿತು. ಅಲ್ಲಿಯೇ ನಿಶ್ಚಯ ಮಾಡಿದೆ. ಮತ್ತೆ ಒಳಗೆ ಹೋಗಿ, ಎಲ್ಲವನ್ನೂ ಹೇಳುತ್ತೇನೆ ಸರ್ ಎಂದು ಹೇಳಿಯೇ ಬಂದೆ.

ಸೆಮಿನಾರಿನಲ್ಲಿ ಹಲ್ಲುಚಕ್ರ, ಡ್ರಮ್ಮು, ಕವೆಯ ತನಕ ಇಂಗ್ಲಿಷು ಸರಾಗವಾಗಿ ಬಂತು. ಅಪಘಾತಕ್ಕೆ ಬಂದಾಗ ಕುಂಟಿತು. ಯಾಕೆ ಕಟ್ಟಲಿಲ್ಲ ಎಂದು ಪರೀಕ್ಷಕರು ಕೇಳಿದರು. ಚಟ್ಟಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಎರಡೂ ಕೈ ಚಾಚಿ ಮಲಗಿದವರನ್ನು ತೋರಿಸಿ, ಹಗ್ಗ ಸುತ್ತಿದಂತೆ ಮಾಡಿ ತೋರಿಸಿದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಹಳೆಯ ನಗುವೇ, ಆದರೆ ಈ ಸಲ ನಾನು ಕೂರಲಿಲ್ಲ. ಮರಾಠಿಯಲ್ಲಿ ಪೂರ್ತಿ ಹೇಳಿ ಮುಗಿಸಿದೆ. ಪರೀಕ್ಷಕರು ಕನ್ನಡಕ ತೆಗೆದು, ಆ ಮನುಷ್ಯ ಈಗ ಹೇಗಿದ್ದಾನೆ ಎಂದಷ್ಟೇ ಕೇಳಿದರು. ಕಾಲು ಹೋಗಿದೆ, ಜ್ವರ ಇಳಿಯುತ್ತಿಲ್ಲ ಎಂದೆ. ಅಂಕಗಳು ಪಾಸಿಗೆ ಸಾಕಾಗುವಷ್ಟು ಬಂದವು.

ಜ್ವರ ಇಳಿಯಲೇ ಇಲ್ಲ. ನಂಜು ಮೈಗೆ ಏರಿ, ಸೆಮಿನಾರು ಮುಗಿದ ಕೆಲವೇ ದಿನಗಳಲ್ಲಿ ಹಿಂದಿನವನು ತೀರಿಕೊಂಡ. ಅವನ ಬ್ರೇಕನ್ನು ಕಬ್ಬಿಣಕ್ಕೆ ಹಾಕುತ್ತೇನೆಂದು ಹೊರಟಿದ್ದೆ. ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಸಾವಕಾರರು ಅಷ್ಟರಲ್ಲಿ ಟೆಂಪೊ ಕೊಂಡಿದ್ದರು. ಹೆಣವನ್ನು ಅದರಲ್ಲೇ ಇಚಲಕರಂಜಿಗೆ ತಂದರು. ಕರಿ ಕೊಕ್ಕೆಯ ನನ್ನ ಗಾಡಿ ಗಂಜಿಯ ಚೀಲಗಳ ಹಿಂದೆ ನಿಂತಿತ್ತು. ಹಿಂದಿನವನ ಮನೆ ಹಳ್ಳದ ಇಳಿಜಾರಿನ ಮೇಲ್ತುದಿಯಲ್ಲಿ. ಬಾಗಿಲ ಮುಂದೆ ಬಿದಿರಿನ ಚಟ್ಟ ಸಿದ್ಧವಾಗಿತ್ತು. ಅವನನ್ನು ಮಲಗಿಸಿ ಬಿಳಿ ಬಟ್ಟೆ ಹೊದಿಸಿದರು. ಬಲಗಾಲಿನ ಜಾಗದಲ್ಲಿ ಬಟ್ಟೆ ಚಪ್ಪಟೆಯಾಗಿ ಬಿತ್ತು. ಮುಂದಿನವನು ಹಗ್ಗ ಹಿಡಿದು ಬಾಗಿದ, ಒಂದು ಸುತ್ತು ಸುತ್ತಿದ, ಅಷ್ಟಕ್ಕೇ ಬಿಟ್ಟುಬಿಟ್ಟ. ಮತ್ತೊಬ್ಬರು ಮುಂದೆ ಬಂದರೆ ಕೈಯಿಂದ ತಡೆದ. ಗುಂಪಿನ ಅಂಚಿನಲ್ಲಿದ್ದ ನನ್ನನ್ನು ಹುಡುಕಿ ನೋಡಿದ.

"ಬಾ ಇಲ್ಲೆ," ಎಂದ. "ನಿನಗ ಕಟ್ಟಾಕ ಬರ್ತೈತಿ."

ನಮ್ಮ ಕಡೆ ಹೀಗಿಲ್ಲ, ನನಗೆ ಈ ಶಾಸ್ತ್ರ ತಿಳಿಯದು ಎಂದು ಹೇಳಬೇಕೆಂದುಕೊಂಡೆ. ಲೇಥಿನ ಮುಂದೆ ಕಲಿತದ್ದೆಲ್ಲ ಎಲ್ಲಿ ಹೋಯಿತೋ, ಒಂದಕ್ಷರ ಹೊರಡಲಿಲ್ಲ. ಹೋಗಿ ಅವನ ಪಕ್ಕ ಕುಳಿತೆ. ಎದೆಯ ಮೇಲೆ ಒಂದು, ಸೊಂಟದ ಮೇಲೆ ಒಂದು, ಉಳಿದ ಕಾಲಿನ ಮೇಲೆ ಒಂದು. ನನಗೆ ಬರುತ್ತಿದ್ದದ್ದು ಒಂದೇ ಗಂಟು, ಅದನ್ನೇ ಹಾಕಿದೆ.

ಹೊರುವಾಗ ಮುಂದಿನವನು ಮುಂದೆ ಹೆಗಲು ಕೊಟ್ಟ. ಹಿಂದಿನ ಒಂದು ತುದಿಯನ್ನು ನನಗೆ ಕೊಟ್ಟರು. ಅದೇ ಇಳಿಜಾರು, ಬಾಗಿಲುಗಳನ್ನೆಲ್ಲ ಮುಚ್ಚಿದ್ದರು. ಇಳಿಯತೊಡಗಿದಾಗ ಭಾರ ಮುಂದಕ್ಕೆ ಎಳೆಯತೊಡಗಿತು, ಹಿಂದಿನವರು ತಡೆಯಲೇಬೇಕು. ಹಿಮ್ಮಡಿ ಊರಿ, ಸೊಂಟ ಹಿಂದಕ್ಕೆ ಹಾಕಿ, ಹಲ್ಲು ಕಚ್ಚಿ ಹಳ್ಳದವರೆಗೂ ತಡೆದು ನಡೆದೆ.

ಹಳ್ಳದ ದಂಡೆಯಲ್ಲಿ ಚಿತೆಯ ಕಟ್ಟಿಗೆಯ ಪಕ್ಕ ಚಟ್ಟ ಇಳಿಸಿದರು. ಹಗ್ಗ ಕೊಯ್ಯಲು ಯಾರೋ ಕುಡಗೋಲು ತಂದರು. ಮುಂದಿನವನು ಬೇಡ ಎಂದು, ಬಾಗಿ ಗಂಟಿನ ಬಾಲ ಹಿಡಿದು ಎಳೆದ. ಬಿಚ್ಚಿಕೊಂಡಿತು. ಎರಡನೆಯದನ್ನು ಎಳೆದ, ಮೂರನೆಯದನ್ನೂ ಎಳೆದ.

"ನೀ ಹೇಳಿದ್ದು ಖರೇ ಇತ್ತ," ಎಂದು ನನ್ನತ್ತ ನೋಡದೆ ಹೇಳಿದ. "ಒಂದ ಎಳತಕ್ಕ ಬಿಚ್ಚತೈತಿ."

ಆಮೇಲೆ ಹಗ್ಗವನ್ನು ಸುರುಳಿ ಸುತ್ತಿ ಕಟ್ಟಿಗೆಯ ಮೇಲೆ ಇಟ್ಟ.